ಗುಣವಾದವರನ್ನು ನಾವು ನೋಡುವುದೇ ಇಲ್ಲ

ಮೇ ತಿಂಗಳ ಒಂದು ರಾತ್ರಿ. ಮುಂಬಯಿಯ ಸೆಕೆ ಗೊತ್ತಲ್ಲ, ಎರಡು ಗಂಟೆಗೂ ಬೆವರು ನಿಲ್ಲುವುದಿಲ್ಲ. ನಾನಾಗ ಉಪನಗರದ ಒಂದು ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಸ್ಟಾಫ್ ನರ್ಸ್. ಇಬ್ಬರು ಹುಡುಗರು ತಮ್ಮ ಜೊತೆಗಾರನನ್ನು ರಿಕ್ಷಾದಲ್ಲಿ ಕರೆದುಕೊಂಡು ಬಂದರು. ಹೋಟೆಲ್ ಕೆಲಸದವರು. ಅವನಿಗೆ ಮೂವತ್ತರ ಹತ್ತಿರ. ಕೈ ನಡುಗುತ್ತಿತ್ತು. ಮಾತು ತೊದಲುತ್ತಿತ್ತು. ನಿಲ್ಲಿಸಿದರೆ ಕುಡಿದವರ ಹಾಗೆ ತೂರಾಡುತ್ತಿದ್ದ.

ಹುಡುಗರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಹಳೆಯ ಚೀಟಿಗಳು. ಮೇಲಿನ ಚೀಟಿ ಮನೋರೋಗ ವಿಭಾಗದ್ದು. ಡ್ಯೂಟಿ ಡಾಕ್ಟರ್ ಅದನ್ನು ನೋಡಿದ್ದೇ ತಡ, ಅಲ್ಲಿದ್ದವರ ಅವಸರವೆಲ್ಲ ಇಳಿದುಹೋಯಿತು. “ಹಳೇ ಸೈಕ್ ಕೇಸು. ಕೂರಿಸಿ. ಬೆಳಿಗ್ಗೆ ಸೈಕಿಯಾಟ್ರಿ ಓಪಿಡಿಗೆ ಕಳಿಸೋಣ” ಅಂದರು. ನಾನೂ ಹೂಂ ಅಂದೆ. ಬಿಪಿ ನೋಡಲಿಲ್ಲ. ಗೋಡೆ ಪಕ್ಕದ ಬೆಂಚು ತೋರಿಸಿದೆ.

ಒಂದು ಗಂಟೆ ಆದಮೇಲೆ ಅತ್ತ ಹೋದಾಗ ಅವನು ನನ್ನ ಕೈ ಹಿಡಿದ. “ಮೂರ್ ದಿನದಿಂದ ಹೊಟ್ಟಿ ಸಮ ಇಲ್ಲೆ ಅಕ್ಕ” ಅಂದ. ಕುಂದಾಪುರದ ಮಾತು ಕಿವಿಗೆ ಬಿದ್ದಾಗ ನಾನು ನಿಂತೆ. ಕೂತು ಕೇಳಿದೆ. ಮೂರು ದಿನದಿಂದ ಭೇದಿ. ಆ ಸೆಕೆಯಲ್ಲಿ ಒಲೆ ಮುಂದೆ ಕೆಲಸ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ್ದಾನೆ. ಚೀಲದ ತಳದಲ್ಲಿ ಅವನ ದಿನದ ಮಾತ್ರೆಯ ಪಟ್ಟಿ ಸಿಕ್ಕಿತು. ಲಿಥಿಯಂ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಪಾತಾಳಕ್ಕೆ ಇಳಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಬಹಳ ಕಾಲದಿಂದ ಕೊಡುವ, ಚೆನ್ನಾಗಿ ಕೆಲಸ ಮಾಡುವ ಔಷಧಿ. ಆದರೆ ಅದರ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ಬಹಳ ಕಡಿಮೆ. ಅದನ್ನು ಮೈಯಿಂದ ಹೊರಗೆ ಹಾಕುವುದು ಕಿಡ್ನಿ. ಭೇದಿಯಾಗಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಸೇರಿದರೆ ಇನ್ನೂ ಜಾಸ್ತಿ. ಆಗ ಕೈ ನಡುಕ, ತೊದಲು ಮಾತು, ತೂರಾಟ, ಮಂಕು. ಬಿಟ್ಟರೆ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು.

ರಕ್ತ ಕಳಿಸಿದೆವು. ಲಿಥಿಯಂ ಮಟ್ಟ ಬಹಳ ಮೇಲಿತ್ತು. ಸಲೈನ್ ಹಾಕಿ ಐಸಿಯುಗೆ ಸೇರಿಸಿದರು, ಅವನು ಉಳಿದುಕೊಂಡ. ಆದರೆ ಅವನನ್ನು ಬೆಂಚಿನ ಮೇಲೆ ಕೂರಿಸಿದವಳು ನಾನೇ. ನಾನು ಅವನ ಪಕ್ಕದ ಊರಿನವಳಾಗಿರದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಳ್ಳುತ್ತೇನೆ.

ಪುಸ್ತಕಗಳಲ್ಲಿ ಇದಕ್ಕೆ ಕಳಂಕ ಅನ್ನುವ ದೊಡ್ಡ ಪದ ಇದೆ. ಆಸ್ಪತ್ರೆಯಲ್ಲಿ ಅದು ಸದ್ದು ಮಾಡುವುದಿಲ್ಲ. ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಬಿಪಿ ನೋಡುವುದನ್ನು ಬಿಡುತ್ತಾರೆ, ಅಷ್ಟೇ. ಎದೆ ನೋವು ಅಂದರೆ “ಟೆನ್ಷನ್” ಅಂತ ಬರೆಯುತ್ತಾರೆ. ಹೊಟ್ಟೆ ನೋವು ಅಂದರೆ “ನಾಟಕ” ಅನ್ನುತ್ತಾರೆ. ಹಳೆಯ ಮಾನಸಿಕ ಕಾಯಿಲೆಯ ನೆರಳು ಹೊಸ ದೇಹದ ಕಾಯಿಲೆಯನ್ನು ಮುಚ್ಚಿಬಿಡುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಇಟ್ಟ ಹೆಸರಿನಲ್ಲೂ ಈ ನೆರಳಿನ ಮಾತೇ ಇದೆ.

ನೆರಳು ಬೀಳುವ ಜಾಗಗಳು ಬಹಳ. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್ ಕೆಲವರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಕುತ್ತಿಗೆ ಮತ್ತು ದವಡೆಯನ್ನು ಸೊಟ್ಟಗೆ ಎಳೆದುಬಿಡುತ್ತದೆ. ನೋಡಿದವರಿಗೆ ಬೇಕಂತಲೇ ಮುಖ ಸೊಟ್ಟ ಮಾಡಿದ ಹಾಗೆ ಕಾಣುತ್ತದೆ. ಸರಿಯಾದ ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಒಂದು ಥರದ ಚಡಪಡಿಕೆ ಶುರುವಾಗುತ್ತದೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಅದನ್ನು “ರೋಗಿ ಉದ್ರೇಕಗೊಂಡಿದ್ದಾನೆ” ಅಂತ ಬರೆದು ಅದೇ ಮಾತ್ರೆಯನ್ನು ಜಾಸ್ತಿ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಥೈರಾಯ್ಡ್ ಕಡಿಮೆಯಾದರೂ ಖಿನ್ನತೆಯ ಹಾಗೇ ಕಾಣುತ್ತದೆ. ವಯಸ್ಸಾದವರಿಗೆ ಮೂತ್ರದ ಸೋಂಕಾದರೂ ತಲೆ ಗೊಂದಲವಾಗಿ ಏನೇನೋ ಮಾತಾಡುತ್ತಾರೆ.

ಇದರ ಬೆಲೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಆತ್ಮಹತ್ಯೆಯಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಒಂದು ಭಾಗ ಮಾತ್ರ. ಜಾಸ್ತಿ ಸಾವುಗಳು ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಶ್ವಾಸಕೋಶದ ತೊಂದರೆ, ಸೋಂಕು, ಇಂಥವುಗಳಿಂದ. ಅಂದರೆ ನಮಗೆ ಚೆನ್ನಾಗಿ ಚಿಕಿತ್ಸೆ ಗೊತ್ತಿರುವ ಕಾಯಿಲೆಗಳಿಂದಲೇ. ಇದಕ್ಕೆ ಬಡತನ, ಬೀಡಿ ಸಿಗರೇಟು, ಕೆಲವು ಮಾತ್ರೆಗಳಿಂದ ಏರುವ ತೂಕ, ಎಲ್ಲ ಕಾರಣ. ನಮ್ಮ ಅಸಡ್ಡೆಯೂ ಒಂದು ಕಾರಣ.

ಹಾಗಾದರೆ ಡಾಕ್ಟರ್, ನರ್ಸ್‌ಗಳೆಲ್ಲ ಕಲ್ಲು ಮನಸ್ಸಿನವರಾ? ಖಂಡಿತ ಅಲ್ಲ. ಕೋವಿಡ್ ಕಾಲದಲ್ಲಿ ಪಿಪಿಇ ಕಿಟ್ ಒಳಗೆ ಬೆಂದುಹೋದ ಇದೇ ಜನ ಮನೋರೋಗಿಯ ಮುಂದೆ ಯಾಕೆ ಹೀಗಾಗುತ್ತಾರೆ ಅನ್ನುವುದೇ ಅರ್ಥ ಮಾಡಿಕೊಳ್ಳಬೇಕಾದ ವಿಷಯ.

ಮೊದಲು ನಾವು ಎಲ್ಲಿ ಕಲಿತೆವು ನೋಡಿ. ಎಂಬಿಬಿಎಸ್‌ನಲ್ಲಿ ಮನೋವೈದ್ಯಕ್ಕೆ ಪ್ರತ್ಯೇಕ ಪರೀಕ್ಷೆ ಇಲ್ಲ. ಮೆಡಿಸಿನ್ ಪರೀಕ್ಷೆಯ ಒಂದು ಭಾಗವಾಗಿ ಬರುತ್ತದೆ. ಪೋಸ್ಟಿಂಗ್ ಕೆಲವೇ ವಾರ. ನಾವು ನರ್ಸಿಂಗ್ ಓದುವಾಗಲೂ ಕೆಲವು ವಾರ ಮಾನಸಿಕ ಆಸ್ಪತ್ರೆಗೆ ಹೋಗಿ ಬಂದೆವು. ಅಲ್ಲಿ ನೋಡಿದ್ದು ವರ್ಷಗಟ್ಟಲೆ ಒಳಗೇ ಉಳಿದವರನ್ನು. ಮನೆಯವರು ಬಿಟ್ಟುಹೋದವರನ್ನು. ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿತು: ಇದು ವಾಸಿಯಾಗದ ಕಾಯಿಲೆ, ಇವರು ಹೀಗೇ.

ಈ ಚಿತ್ರ ಯಾಕೆ ತಪ್ಪು ಅಂತ 1984ರಲ್ಲಿ ಪೆಟ್ರೀಷಿಯಾ ಕೋಹೆನ್ ಮತ್ತು ಜೇಕಬ್ ಕೋಹೆನ್ ಎಂಬ ಇಬ್ಬರು ಸಂಶೋಧಕರು ಒಂದು ಲೇಖನದಲ್ಲಿ ತೋರಿಸಿದರು. ಅದಕ್ಕೆ ವೈದ್ಯರ ಭ್ರಮೆ ಅಂತ ಕರೆದರು. ಒಂದು ಲೆಕ್ಕ ಹಾಕೋಣ. ಹತ್ತು ಜನರಿಗೆ ಒಂದೇ ಕಾಯಿಲೆ ಬಂತು ಅಂದುಕೊಳ್ಳಿ. ಎಂಟು ಜನ ಆರು ತಿಂಗಳಲ್ಲಿ ಚೇತರಿಸಿಕೊಂಡು ಕೆಲಸಕ್ಕೆ ಹೋದರು. ಇಬ್ಬರಿಗೆ ಕಾಯಿಲೆ ಉಳಿಯಿತು, ಅವರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುತ್ತಲೇ ಇದ್ದಾರೆ. ಎರಡು ವರ್ಷ ಆದಮೇಲೆ ಓಪಿಡಿಯಲ್ಲಿ ಕೂತ ನನಗೆ ಕಾಣುವುದು ಯಾರು? ಆ ಇಬ್ಬರೇ. ಮಲೇರಿಯಾ ವಾಸಿಯಾದವರು ದಾರಿಯಲ್ಲಿ ಸಿಕ್ಕಿದರೆ “ಸಿಸ್ಟರ್, ನೀವೇ ಇಂಜೆಕ್ಷನ್ ಕೊಟ್ಟಿದ್ದು” ಅಂತ ನಗುತ್ತಾರೆ. ಹೆರಿಗೆಯಾದವರು ಮಗುವಿನ ಬರ್ತ್‌ಡೇಗೆ ಪೇಡಾ ತರುತ್ತಾರೆ. ಇಲ್ಲದ ದನಿ ಕೇಳಿಸುವ, ಇಲ್ಲದ್ದು ನಿಜ ಅನ್ನಿಸುವ ಸ್ಕಿಜೋಫ್ರೇನಿಯಾ ಕಾಯಿಲೆಯಿಂದ ಚೇತರಿಸಿಕೊಂಡವರು ದಾದರ್ ಸ್ಟೇಷನ್ನಿನಲ್ಲಿ ಕಂಡರೆ ಮುಖ ತಿರುಗಿಸಿ ಹೋಗುತ್ತಾರೆ. ಪಾಪ, ಅವರ ತಪ್ಪಲ್ಲ. ಜೊತೆಯಲ್ಲಿ ಆಫೀಸಿನವರು ಇರಬಹುದು, ಭಾವಿ ಬೀಗರು ಇರಬಹುದು. ಹೀಗೆ ನಾವು ದಿನಾ ಕಾಯಿಲೆ ನೋಡುತ್ತೇವೆ, ಚೇತರಿಕೆಯನ್ನು ನೋಡುವುದೇ ಇಲ್ಲ.

ಎರಡನೆಯದು ಹೆದರಿಕೆ. ಅಮೆರಿಕದ ಮನೋವೈದ್ಯ, ಮಾನವಶಾಸ್ತ್ರಜ್ಞ ಬ್ರ್ಯಾಂಡನ್ ಕೋರ್ಟ್ ಮತ್ತು ಅವರ ನೇಪಾಳದ ಜೊತೆಗಾರರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಯ ಹತ್ತಿರ ಇದನ್ನು ಬಿಡಿಸಿ ಕೇಳಿದರು. ಮೂರು ಬಗೆಯ ಭಯ ಕಂಡಿತು. ರೋಗಿ ಹೊಡೆದರೆ ಅನ್ನುವ ಜೀವದ ಭಯ. ಇಂಥವರ ಜೊತೆ ಇದ್ದರೆ ಜನ ನನ್ನನ್ನೂ ಹಾಗೇ ನೋಡುತ್ತಾರೆ ಅನ್ನುವ ಭಯ. ಚಿಕಿತ್ಸೆ ಕೊಟ್ಟೂ ವಾಸಿಯಾಗದಿದ್ದರೆ ನನ್ನ ಕೆಲಸಕ್ಕೆ ಕೆಟ್ಟ ಹೆಸರು ಅನ್ನುವ ಭಯ. ಓದಿದಾಗ ಇದು ನಮ್ಮ ಕ್ಯಾಶುವಲ್ಟಿಯ ಕಥೆಯೇ ಅನ್ನಿಸಿತು. ಆ ರಾತ್ರಿ ನಾವು ಆ ಹುಡುಗನನ್ನು ದ್ವೇಷಿಸಲಿಲ್ಲ. ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬೇರೆ ವಿಭಾಗಕ್ಕೆ ತಳ್ಳಿದೆವು.

ಮೂರನೆಯದು ಕಾರಿಡಾರಿನ ಮಾತು. ಇಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ “ಠಾಣೆಗೆ ಕಳಿಸಿ” ಅನ್ನುತ್ತಾರೆ. ಠಾಣೆಯಲ್ಲಿ 1901ರಿಂದ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆಯಲ್ಲ, ಅದಕ್ಕೆ. ಪುಣೆಯಲ್ಲಿ ಅದೇ ಮಾತಿಗೆ ಯರವಡಾ. ನಮ್ಮ ಉತ್ತರ ಕರ್ನಾಟಕದವರಿಗೆ ಧಾರವಾಡ, ಬೆಂಗಳೂರಿನವರಿಗೆ ನಿಮ್ಹಾನ್ಸ್. ಚಿಕಿತ್ಸೆ ಸಿಗುವ ಊರಿನ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ. ಹುಚ್ಚು, ಹುಚ್ಚ ಅನ್ನುವುದಕ್ಕೆ ಮರಾಠಿಯಲ್ಲಿ ವೇಡಾ, ತುಳುವಿನಲ್ಲಿ ಮರ್ಲ್, ಉತ್ತರ ಕನ್ನಡದಲ್ಲಿ ಮಳ್ಳ. ಬಿಳಿ ಕೋಟು ಹಾಕಿಕೊಂಡ ತಕ್ಷಣ ಈ ಮಾತುಗಳು ನಾಲಿಗೆಯಿಂದ ಹೋಗುವುದಿಲ್ಲ. ಡಾಕ್ಟರ್ ಒಬ್ಬರು ರೌಂಡ್ಸ್‌ನಲ್ಲಿ “ಆ ಬೆಡ್ಡಿನ ಸೈಕೊ” ಅಂದರೆ ಹಿಂದೆ ನಿಂತ ಇಂಟರ್ನ್ ಮಾರನೇ ದಿನ ಅದನ್ನೇ ಅನ್ನುತ್ತಾನೆ. ಯಾವ ಪಠ್ಯಪುಸ್ತಕವೂ ಇಷ್ಟು ಬೇಗ ಕಲಿಸುವುದಿಲ್ಲ.

ಅತಿ ಹೆಚ್ಚು ಏಟು ತಿನ್ನುವವರು ವಿಷ ಕುಡಿದು, ಮಾತ್ರೆ ನುಂಗಿ ಬಂದವರು. ಇದನ್ನು ಬರೆಯುವುದು ನನಗೆ ಕಷ್ಟ, ಆದರೂ ಬರೆಯಲೇಬೇಕು. ಹೊಟ್ಟೆ ತೊಳೆಯುವಾಗ “ಸ್ವಲ್ಪ ನೋವಾಗಲಿ, ಬುದ್ಧಿ ಬರುತ್ತೆ” ಅಂದವರನ್ನು ಕೇಳಿದ್ದೇನೆ. ಹದಿನೆಂಟು ವರ್ಷದ ಹುಡುಗಿಗೆ “ಅಪ್ಪ ಅಮ್ಮನ ಮುಖ ನೋಡು” ಅಂತ ಎಲ್ಲರೆದುರು ಗದರಿದ್ದನ್ನು ನೋಡಿದ್ದೇನೆ. ಗದರುವವರಿಗೆ ತಾವು ಒಳ್ಳೆಯದೇ ಮಾಡುತ್ತಿದ್ದೇವೆ ಅನ್ನಿಸಿರುತ್ತದೆ. ಆದರೆ ಒಮ್ಮೆ ಪ್ರಯತ್ನ ಮಾಡಿದವರು ಮತ್ತೆ ಮಾಡುವ ಅಪಾಯ ಉಳಿದವರಿಗಿಂತ ಬಹಳ ಜಾಸ್ತಿ. ನಾಚಿಕೆಯಿಂದ ಕುಗ್ಗಿಸಿ ಕಳಿಸಿದರೆ ಮುಂದಿನ ಸಲ ಸಹಾಯ ಕೇಳಲು ಅವರು ಯಾರ ಹತ್ತಿರ ಹೋಗಬೇಕು? ಹಿಂದೆ ಕಾನೂನೂ ಇವರನ್ನು ಅಪರಾಧಿಗಳ ಹಾಗೆ ನೋಡುತ್ತಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರ 115ನೇ ಸೆಕ್ಷನ್, ಪ್ರಯತ್ನ ಮಾಡಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಅನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲವೇ ಇಲ್ಲ. ಕಾನೂನು ಬದಲಾಯಿತು, ಗದರುವ ದನಿ ಇನ್ನೂ ಹಾಗೇ ಇದೆ.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ. ಸಾಮಾನ್ಯವಾಗಿ ಮಾಡುವುದು ಉಪನ್ಯಾಸ. ಅಕ್ಟೋಬರ್ 10ಕ್ಕೆ ವಿಶ್ವ ಮಾನಸಿಕ ಆರೋಗ್ಯ ದಿನ. ಒಂದು ಬ್ಯಾನರ್, ಒಂದು ಭಾಷಣ, ಸಮೋಸ, ಚಹಾ. ಭಾಷಣದಲ್ಲಿ “ಇದು ಮೆದುಳಿನ ಕಾಯಿಲೆ, ಸಕ್ಕರೆ ಕಾಯಿಲೆಯ ಹಾಗೇ” ಅನ್ನುತ್ತಾರೆ. ಕೇಳಲು ಸರಿಯಾಗಿದೆ ಅಲ್ವಾ? ಆದರೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ತಿಳಿದಿದೆ. ಇಂಥ ವಿವರಣೆಯಿಂದ ರೋಗಿಯನ್ನು ದೂರುವುದು ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ “ಮೆದುಳೇ ಹಾಗಿದ್ದರೆ ಇನ್ನು ಸರಿಹೋಗಲ್ಲ” ಅನ್ನುವ ನಿರಾಸೆ ಜಾಸ್ತಿಯಾಗುತ್ತದೆ. ನಮ್ಮಂಥವರ ತೊಂದರೆ ಇರುವುದೇ ಆ ನಿರಾಸೆಯಲ್ಲಿ.

ಕೆಲಸ ಮಾಡುವುದು ಭೇಟಿ. ಅಂದರೆ ಚೇತರಿಸಿಕೊಂಡವರನ್ನು ಕಣ್ಣೆದುರು ನೋಡುವುದು. “ನಾವು ದಿನಾ ರೋಗಿಗಳನ್ನು ನೋಡುತ್ತೇವಲ್ಲ, ಇನ್ನೇನು ಭೇಟಿ?” ಅಂತ ನನ್ನ ಜೊತೆಯ ಸಿಸ್ಟರ್‌ಗಳು ಕೇಳುತ್ತಾರೆ. ಇದಕ್ಕೆ ಉತ್ತರ ಹಳೆಯದು. ಗಾರ್ಡನ್ ಆಲ್ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಹೇಳಿದ್ದರು: ಎರಡು ಗುಂಪಿನವರು ಸುಮ್ನೆ ಎದುರುಬದುರಾದರೆ ಪೂರ್ವಗ್ರಹ ಕರಗುವುದಿಲ್ಲ. ಇಬ್ಬರೂ ಸಮಾನವಾಗಿ ಕೂರಬೇಕು, ಒಂದೇ ಗುರಿಗೆ ಕೂಡಿ ಕೆಲಸ ಮಾಡಬೇಕು, ಮೇಲಿನವರ ಬೆಂಬಲ ಇರಬೇಕು. ಹಾಸಿಗೆಯಲ್ಲಿ ಕಟ್ಟಿಹಾಕಿದವರಿಗೂ ಕೈಯಲ್ಲಿ ಸಿರಿಂಜ್ ಹಿಡಿದವರಿಗೂ ಎಲ್ಲಿಯ ಸಮಾನತೆ?

ನೇಪಾಳದ ಚಿತ್ವನ್ ಜಿಲ್ಲೆಯಲ್ಲಿ ಕೋರ್ಟ್ ಅವರ ತಂಡ ಇದನ್ನೇ ತರಬೇತಿಯಾಗಿ ಮಾಡಿತು. ಅದರ ಹೆಸರು ರೀಶೇಪ್. ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಕ್ಯಾಮೆರಾ ಕೊಟ್ಟು, ತಮ್ಮ ಬದುಕಿನ ಫೋಟೊ ತೆಗೆಯಲು ಕಲಿಸಿದರು. ಆ ಫೋಟೊ ಇಟ್ಟುಕೊಂಡು ತಮ್ಮ ಕಥೆ ಹೇಳಲು ತಿಂಗಳುಗಟ್ಟಲೆ ತಯಾರು ಮಾಡಿದರು. ಆಮೇಲೆ ಆರೋಗ್ಯ ಸಿಬ್ಬಂದಿಯ ತರಬೇತಿಯಲ್ಲಿ ಅವರೇ ಪಾಠ ಮಾಡುವವರು. ಜೊತೆಗೆ, ಮೊದಲು ಹೆದರಿ ಈಗ ಚೆನ್ನಾಗಿ ಚಿಕಿತ್ಸೆ ಕೊಡುತ್ತಿರುವ ಸಹೋದ್ಯೋಗಿಗಳೂ ಬಂದು ಮಾತಾಡಿದರು. ಈ ಎರಡನೇ ಭಾಗ ನನಗೆ ಬಹಳ ಹಿಡಿಸಿತು. ನನ್ನ ಹಾಗೇ ಇರುವ ಇನ್ನೊಬ್ಬ ನರ್ಸ್ “ನನಗೂ ಕೈ ನಡುಗುತ್ತಿತ್ತು, ಹೀಗೆ ಕಲಿತೆ” ಅಂದರೆ ನಾನು ನಂಬುತ್ತೇನೆ.

ನಮ್ಮಲ್ಲೂ ಒಮ್ಮೆ ಇಂಥ ಒಂದು ಮಧ್ಯಾಹ್ನ ನಡೆಯಿತು. ಡೊಂಬಿವಲಿಯಿಂದ ಒಬ್ಬ ಮಹಿಳೆ ಬಂದಿದ್ದರು. ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಮಕ್ಕಳು, ಹದಿನೈದು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ. ಮೊದಲ ಸಲ ಆಸ್ಪತ್ರೆಗೆ ಸೇರಿದ ರಾತ್ರಿ ಹೇಗಿತ್ತು ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. “ನೀರು ಕೇಳುತ್ತಲೇ ಇದ್ದೆ. ಬಡಬಡಿಸುತ್ತಿದ್ದಾಳೆ ಅಂತ ಬರೆದುಕೊಂಡರು, ನೀರು ಯಾರೂ ಕೊಡಲಿಲ್ಲ” ಅಂದರು. ಬೆಳಗಿನ ಜಾವ ಒಬ್ಬ ಮಾವಶಿ ಬಂದು ನೀರು ಕುಡಿಸಿ, ಗಂಟು ಕಟ್ಟಿದ್ದ ಕೂದಲು ಬಾಚಿ ಜಡೆ ಹಾಕಿದರಂತೆ. ಮುಂಬಯಿ ಆಸ್ಪತ್ರೆಗಳಲ್ಲಿ ಆಯಾಗಳಿಗೆ ಮಾವಶಿ, ವಾರ್ಡ್‌ಬಾಯ್‌ಗಳಿಗೆ ಮಾಮಾ ಅನ್ನುವುದು ರೂಢಿ. ಡಾಕ್ಟರುಗಳ ಹೆಸರು ಅವರಿಗೆ ನೆನಪಿರಲಿಲ್ಲ, ಆ ಮಾವಶಿಯ ಕೈಬಳೆ ಸದ್ದು ನೆನಪಿತ್ತು. ತರಬೇತಿ ಅಂದರೆ ಡಾಕ್ಟರುಗಳನ್ನಷ್ಟೇ ಕೂರಿಸುತ್ತೇವೆ. ಮಾವಶಿ, ಮಾಮಾ, ಗೇಟಿನ ಸೆಕ್ಯುರಿಟಿ, ಕೇಸ್ ಪೇಪರ್ ಕೌಂಟರಿನವರು, ಇವರನ್ನೆಲ್ಲ ಬಿಟ್ಟುಬಿಡುತ್ತೇವೆ. ರೋಗಿಯನ್ನು ಮೊದಲು ಮುಟ್ಟುವವರೇ ಅವರು.

ಭೇಟಿಯ ಜೊತೆ ಕೈಗೆ ಒಂದು ಕೆಲಸವೂ ಬೇಕು. ಗೋವಾದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಮುಂಬಯಿಯಲ್ಲೇ ವೈದ್ಯಕೀಯ ಓದಿದ ವಿಕ್ರಮ್ ಪಟೇಲ್ ಮತ್ತು ಗೆಳೆಯರು 1996ರಲ್ಲಿ ಅಲ್ಲಿ ಸಂಗಾತ್ ಎಂಬ ಸಂಸ್ಥೆ ಶುರು ಮಾಡಿದರು. ಅವರ ಮಾನಸ್ ಎಂಬ ಪ್ರಯೋಗದಲ್ಲಿ ಮನೋವೈದ್ಯ ಓದಿರದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಖಿನ್ನತೆ ಮತ್ತು ಆತಂಕ ಇರುವ ರೋಗಿಗಳಿಗೆ ಆಪ್ತಸಲಹೆ ಕೊಡಲು 24 ಚಿಕಿತ್ಸಾ ಕೇಂದ್ರಗಳಲ್ಲಿ ಪ್ರಯತ್ನಿಸಿದರು. ಅರ್ಧ ಸರ್ಕಾರಿ, ಅರ್ಧ ಖಾಸಗಿ. 2010ರಲ್ಲಿ ಬಂದ ಫಲಿತಾಂಶದಲ್ಲಿ ಸರ್ಕಾರಿ ಕೇಂದ್ರಗಳಿಗೆ ಬಂದವರ ಚೇತರಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಖಾಸಗಿ ಡಾಕ್ಟರುಗಳ ಹತ್ತಿರ ಅಷ್ಟು ವ್ಯತ್ಯಾಸ ಕಾಣಲಿಲ್ಲ. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಬೇರೆ. ಮಾಮೂಲಿ ಆರೋಗ್ಯ ಕೇಂದ್ರದಲ್ಲಿ, ಕೆಮ್ಮು ಜ್ವರದ ಸಾಲಿನಲ್ಲೇ, ಖಿನ್ನತೆಗೂ ಚಿಕಿತ್ಸೆ ಸಿಕ್ಕಿತು, ವಾಸಿಯಾದವರು ಅದೇ ಕೇಂದ್ರದವರ ಕಣ್ಣಿಗೂ ಬಿದ್ದರು. ಮುಂಬಯಿಯಲ್ಲಿ 1938ರಲ್ಲಿ ಕೆ. ಕೆ. ಮಸಾನಿ ಜೆಜೆ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಶುರು ಮಾಡಿದಾಗಲೂ ಆದದ್ದು ಇದೇ. ಊರ ಹೊರಗಿನ ಗೋಡೆಯೊಳಗೆ ಇದ್ದದ್ದು ಎಲ್ಲ ಕಾಯಿಲೆಗಳ ನಡುವೆ ಬಂತು.

2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಆಗ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ಯಾವ ಓಪಿಡಿಯ ಸಾಲಿನಲ್ಲೂ ಇವರು ಇದ್ದೇ ಇರುತ್ತಾರೆ. ಮೂಳೆ ಡಾಕ್ಟರ ಸಾಲಿನಲ್ಲಿ, ಹಲ್ಲಿನ ಡಾಕ್ಟರ ಸಾಲಿನಲ್ಲಿ ಕೂಡ.

ಮನಸ್ಸು ಬದಲಾಗುವವರೆಗೆ ಕಾಯದೆ ನಿಯಮ ಬದಲಿಸಬಹುದು. ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಕ್ಯಾಶುವಲ್ಟಿಗೆ ಬಂದ ಯಾರಿಗೇ ಆಗಲಿ ನಾಡಿ, ಬಿಪಿ, ಉಷ್ಣತೆ, ಆಮ್ಲಜನಕ, ಸಕ್ಕರೆ ನೋಡದೆ ಮನೋರೋಗ ವಿಭಾಗಕ್ಕೆ ಕಳಿಸುವ ಹಾಗಿಲ್ಲ ಅಂತ ಒಂದು ಸಾಲು ಬರೆದು ಅಂಟಿಸಿದರೆ ಸಾಕು. ಆ ರಾತ್ರಿಯ ನಂತರ ನಮ್ಮಲ್ಲಿ ಹಾಗೆ ಮಾಡಿದೆವು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ನೂ ಇದನ್ನೇ ಹೇಳುತ್ತದೆ: ತುರ್ತು ಚಿಕಿತ್ಸೆ, ಆಂಬ್ಯುಲೆನ್ಸ್, ವಾರ್ಡಿನ ಸೌಕರ್ಯ ಯಾವುದರಲ್ಲೂ ಮಾನಸಿಕ ಕಾಯಿಲೆಯವರಿಗೆ ದೇಹದ ಕಾಯಿಲೆಯವರಿಗಿಂತ ಕಡಿಮೆ ಮಾಡಬಾರದು. ವಿಮೆಯಲ್ಲೂ ಅಷ್ಟೇ. ನಿಮ್ಮ ಪಾಲಿಸಿಯವರು ಬೇರೆ ಹೇಳಿದರೆ ಈ ಸೆಕ್ಷನ್ ತೋರಿಸಿ.

ಇನ್ನೊಂದು ವಿಷಯ ನಾವು ನಮ್ಮೊಳಗೇ ಮುಚ್ಚಿಟ್ಟುಕೊಂಡದ್ದು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು 28 ಜನ ತಮಗೆ ಮಾನಸಿಕ ಕಾಯಿಲೆ ಇದೆ ಅಂತ ಹೇಳಿಕೊಂಡಿದ್ದರು. ಹೆಸರಿಲ್ಲದ ಸಮೀಕ್ಷೆಯಲ್ಲಿ ಹೇಳಿದರು, ವಾರ್ಡಿನಲ್ಲಿ ಹೇಳುವುದಿಲ್ಲ. ನನ್ನ ಜೊತೆಯ ಒಬ್ಬ ಸಿಸ್ಟರ್ ಖಿನ್ನತೆಯ ಮಾತ್ರೆಗೆ ನಮ್ಮ ಆಸ್ಪತ್ರೆ ಬಿಟ್ಟು ಎರಡು ಟ್ರೇನ್ ಬದಲಿಸಿ ಪನ್ವೇಲ್ ಕಡೆ ಹೋಗುತ್ತಿದ್ದಳು. ನನಗೆ ತಿಳಿದದ್ದು ನಾಲ್ಕು ವರ್ಷ ಆದಮೇಲೆ. ನಾಲ್ಕು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದ್ದೆವು. ಅವಳ ಎದುರಿಗೆ ನಾನು ಎಷ್ಟು ಸಲ “ಸೈಕ್ ಕೇಸು” ಅಂದಿರಬೇಕು.

ಕೊನೆಗೆ ರೋಗಿಯ ಮನೆಯವರಿಗೆ ಕೆಲವು ಮಾತು. ಮಾತ್ರೆಯ ವಿಷಯ ಮುಚ್ಚಿಡಬೇಡಿ. ಅಸಡ್ಡೆ ಮಾಡುತ್ತಾರೆ ಅನ್ನುವ ಭಯಕ್ಕೆ ಬಹಳ ಜನ ಮುಚ್ಚಿಡುತ್ತಾರೆ, ಲಿಥಿಯಂ ವಿಷಯದಲ್ಲಿ ಅದು ಜೀವಕ್ಕೇ ಅಪಾಯ. ಚೀಟಿ ತೋರಿಸುವ ಮೊದಲು ಇವತ್ತಿನ ತೊಂದರೆ ಹೇಳಿ: ಏನಾಯಿತು, ಯಾವಾಗಿಂದ, ಇದು ಹೊಸದು, ಹಿಂದೆ ಹೀಗೆ ಆಗಿರಲಿಲ್ಲ. “ಬಿಪಿ, ಶುಗರ್ ನೋಡಿದಿರಾ ಸಿಸ್ಟರ್?” ಅಂತ ಮೆತ್ತಗೆ ಕೇಳಿ. ಕೇಳಿದರೆ ನಮಗೆ ಕೋಪ ಬರಬಹುದು, ಆದರೆ ನೋಡುತ್ತೇವೆ. ಊರಿನಿಂದ ಬಂದವರಿಗೆ ಹಿಂದಿ, ಮರಾಠಿ ಬಾರದಿದ್ದರೆ ಕನ್ನಡ ಬಲ್ಲ ಸಿಸ್ಟರ್ ಯಾರಾದರೂ ಇದ್ದಾರಾ ಅಂತ ವಿಚಾರಿಸಿ. ಮುಂಬಯಿಯ ಎಷ್ಟೋ ಆಸ್ಪತ್ರೆಗಳಲ್ಲಿ ಒಬ್ಬರಾದರೂ ಸಿಗುತ್ತಾರೆ. ಭಾಷೆ ಬಾರದೆ ಸುಮ್ಮನೆ ಕೂತವರನ್ನೂ “ಸ್ಪಂದಿಸುತ್ತಿಲ್ಲ” ಅಂತ ಬರೆದಿರುವುದು ಉಂಟು.

ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ನೈಟ್ ಡ್ಯೂಟಿ ಮುಗಿಸಿ ಬಂದ ಸಿಸ್ಟರ್‌ಗಳಿಗೂ ಅದೇ ನಂಬರು.